ಬಾಗಿದ್ದನ್ನು ಅಳೆಯುವುದು

ತಣ್ಣಗಿದೆ ಹಾಳಾದ್ದು ಈ ಜೆಲ್ಲು, ಸ್ವಲ್ಪ ಬೆಚ್ಚಗೆ ಮಾಡಿಟ್ಟರೆ ಇವರ ಗಂಟೇನು ಹೋಗುತ್ತದೋ, ಕಾಲು ಸಡಿಲ ಬಿಡಮ್ಮ ಅನ್ನುತ್ತಾರೆ ಸ್ಕ್ಯಾನ್ ಡಾಕ್ಟರಮ್ಮ, ಬಿಟ್ಟೇ ಇದ್ದಾಳಲ್ಲ ಇವಳು, ಹನ್ನೊಂದು ವರ್ಷದಿಂದ ಕಂಡಕಂಡ ಆಸ್ಪತ್ರೆಯ ಮಂಚದ ಮೇಲೆ ಬಿಟ್ಟೇ ಇದ್ದಾಳೆ — ಮೊದಲು ಗ್ಯಾಸು ಅಂದರು, ಆಮೇಲೆ ಟೆನ್ಷನ್ ಅಂದರು, ಅತ್ತೆಯಂತೂ ಮುಟ್ಟಿನ ಹೊಟ್ಟೆನೋವು ಯಾರಿಗಿಲ್ಲ ಹೇಳು, ನಾವೇನು ಹಾಸಿಗೆ ಹಿಡಿದ್ವಾ ಅಂದುಬಿಟ್ಟರು, ಕಕ್ಕಸಿನಲ್ಲಿ ಕೂತು ಟವೆಲ್ಲು ಕಚ್ಚಿಕೊಂಡು ಅತ್ತಾಗ ಒಬ್ಬರಾದರೂ ಬಾಗಿಲಾಚೆ ನಿಂತಿದ್ದರಾ. ಈಗ ಹೆಸರು ಸಿಕ್ಕಿದೆ, ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಒಳಪದರದಂಥದ್ದು ಕರುಳಿಗೆ ಹತ್ತಿ ಗಂಟು ಕಟ್ಟಿದೆಯಂತೆ, ಹೆಸರು ಸಿಕ್ಕಿತು, ಅಳತೆ ಸಿಗಲಿಲ್ಲ, ಮೊದಲನೆಯವರು ಇಪ್ಪತ್ತೆರಡು ಮಿಲಿಮೀಟರ್ ಬರೆದರು, ವಾರ ಬಿಟ್ಟು ಇನ್ನೊಬ್ಬರು ಮೂವತ್ತೊಂದು, ವಾರದಲ್ಲಿ ಅಷ್ಟು ಬೆಳೆಯಲು ಅದೇನು ಸೌತೆಕಾಯಿಯಾ — ಆಪರೇಷನ್ ಡಾಕ್ಟರು ಎರಡೂ ರಿಪೋರ್ಟ್ ಮುಂದಿಟ್ಟುಕೊಂಡು, ಮೂವತ್ತರೊಳಗಿದ್ರೆ ಹೆರೆದು ತೆಗೀತೀನಿ, ದಾಟಿದ್ರೆ ಆ ತುಂಡು ಕರುಳನ್ನೇ ಕತ್ತರಿಸಿ ಜೋಡಿಸ್ಬೇಕು, ಕೆಲವು ತಿಂಗಳು ಮಲ ಹೋಗೋಕೆ ಹೊಟ್ಟೆಗೆ ಚೀಲ ಹಾಕ್ಬೇಕಾಗಬಹುದು, ಇನ್ನೊಂದ್ಸಲ ಅಳತೆ ಮಾಡಿಸಿ ಅಂದರು. ಆ ಚಿಕ್ಕ ನಂಬರಿನವರ ಹತ್ರಾನೇ ಹೋಗೋಣ ಬಾರೇ ಅಂದ ಗಂಡ, ಚೌಕಾಸಿ ಮಾಡಲು ಹೊರಟವನ ಹಾಗೆ, ಇವಳು ಕೇಳದೆ ಈ ಮೂರನೆಯವರ ಹತ್ತಿರ ಬಂದಳು. ಇವಳು ದರ್ಜಿ, ಕತ್ತರಿ ಹಿಡಿದು ಇಪ್ಪತ್ತು ವರ್ಷ, ಒಂದೇ ತೋಳನ್ನು ಹೀಗೆ ಎರಡು ಥರ ಅಳೆದಿದ್ದರೆ ಗಿರಾಕಿ ಬಟ್ಟೆಯನ್ನು ಮುಖಕ್ಕೆ ಎಸೆದು ಹೋಗುತ್ತಿದ್ದ.

ಹಳೇ ರಿಪೋರ್ಟ್ ಇದ್ಯಾ, ಇಲ್ಲ ಮೇಡಂ, ಸುಳ್ಳು, ಬ್ಯಾಗಿನಲ್ಲೇ ಇದೆ, ಕೊಟ್ಟರೆ ಅದನ್ನೇ ನೋಡಿ ಬರೆದುಬಿಟ್ಟರೆ — ಪರದೆಯ ಮೇಲೆ ಕಪ್ಪು ಗಂಟು, ಈ ತುದಿಗೊಂದು ಗುರುತು, ಆ ತುದಿಗೊಂದು ಗುರುತು, ನಡುವೆ ಗೆರೆ, ಇಪ್ಪತ್ತಮೂರು ಅಷ್ಟೇನಮ್ಮ ಅನ್ನುತ್ತಾರೆ ಡಾಕ್ಟರಮ್ಮ. ಅಬ್ಬ, ಚೀಲ ಇಲ್ಲ, ಏಳು, ಬಟ್ಟೆ ಹಾಕಿಕೋ, ಓಡು. ಆದರೆ ಇವಳ ಹಾಳು ಕಣ್ಣು, ಗಂಟು ಬಾಗಿದೆ, ಗೆರೆ ಮಾತ್ರ ತುದಿಯಿಂದ ತುದಿಗೆ ನೇರ ಹಾರಿದೆ, ಕಂಕುಳನ್ನು ಹಾಗೆ ನೇರ ಅಳೆದರೆ ಅಂಗಿಗೆ ಕೈ ತೂರುವುದಿಲ್ಲ, ಕೆಲಸ ಕಲಿಯುವಾಗ ಇವಳೇ ಮಾಡಿದ ತಪ್ಪು, ಯಜಮಾನರು ಟೇಪಿನಿಂದಲೇ ಬೆರಳಿಗೆ ಬಾರಿಸಿದ್ದರು — ಬಾಯಿ ಮುಚ್ಚಿಕೊಂಡಿರೇ, ಬೇಕಾದ ನಂಬರ್ ಸಿಕ್ಕಿದೆ, ಸಿಕ್ಕಿದೆ, ಹೊಟ್ಟೆ ತೆರೆದ ಮೇಲೆ ಬೇರೆಯೇ ಕಂಡರೆ, ಎದ್ದು ನೋಡಿಕೊಂಡಾಗ ಚೀಲ ಇದ್ದರೆ. ಮೇಡಂ, ಬಾಗಿದ್ದನ್ನ ನೇರ ಯಾಕೆ ಅಳೀತೀರಿ. ನಾನು ಹೀಗೇ ಅಳೆಯೋದಮ್ಮ, ಒಬ್ಬೊಬ್ರು ಒಂದೊಂದು ಥರ ಅಳೀತಾರೆ. ಒಬ್ಬೊಬ್ಬರು ಒಂದೊಂದು ಥರ! ಹಾಗಾದರೆ ಆ ಇಪ್ಪತ್ತೆರಡೂ ಮೂವತ್ತೊಂದೂ ಒಂದೇ ಗಂಟು. ಇವರ ಮನೆ ಹಾಳಾಗ, ಯಾವ ಥರ ಅಂತ ಕೆಳಗೊಂದು ಸಾಲು ಬರೆಯಲು ಇವರ ಕೈಗೇನಾಗಿತ್ತು, ಕರುಳು ಇವರದ್ದಾಗಿದ್ದರೆ ಬರೆಯುತ್ತಿದ್ದರು. ಅಂಚು ಹಿಡ್ಕೊಂಡು ಅಳೀರಿ ಅಂತ ಗದರಿಯೇಬಿಟ್ಟಳು. ಡಾಕ್ಟರಮ್ಮ ಅಂಚಿನುದ್ದಕ್ಕೂ ಚುಕ್ಕಿ ಇಡುತ್ತಾರೆ, ಗೆರೆ ಬಾಗುತ್ತಿದೆ, ಗಂಟಿನ ಬೆನ್ನಿಗೆ ಅಂಟಿಕೊಂಡು, ಇವಳೇ ಟೇಪು ಹಿಡಿದಷ್ಟು ಸರಿಯಾಗಿ, ಇಪ್ಪತ್ತಾರು, ಇಪ್ಪತ್ತೊಂಬತ್ತು, ನಿಲ್ಲು, ಅಲ್ಲೇ ನಿಲ್ಲು, ಇನ್ನೂ ಅಂಚು ಬಾಕಿ ಇದೆ, ಇವಳಿಗೇ ಕಾಣುತ್ತಿದೆ ಬಾಕಿ ಇರುವುದು, ಮೂವತ್ತಮೂರು, ದಾಟಿತು, ಪರದೆಯ ಮೇಲೆ ಬಾಗಿದ ಗೆರೆ, ಆ ಬಾಗಿದ ಗೆರೆ