ಉಳಿಯದ ಕಿರಣ

"ಒಂದು, ಎರಡು..." ಎಂದ ಪಕ್ಕದ ಮನೆಯ ಮೇಷ್ಟ್ರು ಮೂರು ಅನ್ನಲೇ ಇಲ್ಲ. ಹೆಣದ ಕಾಲ ಬಳಿ ಬಗ್ಗಿದ್ದವರು ಕೈ ಹಿಂದಕ್ಕೆ ಎಳೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡರು. ಅವರನ್ನು ನೋಡಿ ಉಳಿದ ಮೂವರೂ ನೆಟ್ಟಗಾದರು.

"ಅಲ್ಲ, ಗ್ಲೌಸು ಗೀಸು ಏನಾದ್ರೂ ಇದ್ರೆ..." ಮೇಷ್ಟ್ರು ರಾಗ ಎಳೆದರು. "ಜೀವಮಾನವೆಲ್ಲ ಆ ಕಿರಣದಲ್ಲೇ ಬೆಂದ ಮೈ ನೋಡಿ. ನಮಗೂ ಹೆಂಡ್ತಿ ಮಕ್ಕಳು ಇದ್ದಾರೆ."

ಸತ್ತವರ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳಿಗೆ ಮೇಷ್ಟ್ರ ಮೇಲೆ ಸಿಟ್ಟೇನೂ ಬರಲಿಲ್ಲ. ಅವಳೂ ಮುಟ್ಟಿರಲಿಲ್ಲ, ಮೈ ಒರೆಸಿ ಬಟ್ಟೆ ತೊಡಿಸಿದ್ದು ಆಸ್ಪತ್ರೆಯ ಆಳುಗಳು. ಹೊರಗೆ ವ್ಯಾನು ಕಾಯುತ್ತಿತ್ತು. ಇವರನ್ನು ಎತ್ತುವವರು ಯಾರು ಎಂಬ ಚಿಂತೆಯೊಂದೇ ಅವಳನ್ನು ಕೊರೆಯುತ್ತಿತ್ತು.

ಊರಾಚೆಯ ಕಾರ್ಖಾನೆಯಲ್ಲಿ ಈರುಳ್ಳಿ, ಆಲೂಗಡ್ಡೆ ಮೊಳಕೆಯೊಡೆಯದಂತೆ ಗಾಮಾ ಕಿರಣ ಹಾಯಿಸುತ್ತಿದ್ದರು. ಎಷ್ಟು ಕಿರಣ ಬಿತ್ತು ಎಂದು ಅಳೆಯುವುದು ಅವಳ ಗಂಡನ ಕೆಲಸ. ಬೀದಿಯ ಮಕ್ಕಳು ಅವರಿಗೆ 'ಕರೆಂಟ್ ಮಾಮ' ಎಂದು ಹೆಸರಿಟ್ಟಿದ್ದರು. ಅವರು ನಕ್ಕು ಸುಮ್ಮನಾಗುತ್ತಿದ್ದರು, ಒಮ್ಮೆಯೂ ಅಲ್ಲವೆನ್ನಲಿಲ್ಲ.

*

ಮದುವೆಯಾದ ಎರಡನೆಯ ವರ್ಷ ಮಗು ಹೊಟ್ಟೆಯಲ್ಲೇ ಸತ್ತು ಹುಟ್ಟಿತ್ತು. ಆಸ್ಪತ್ರೆಯ ಮಂಚದ ತುದಿಯಲ್ಲಿ ನಿಂತು ಆತ ಹೇಳಿದ್ದು ಇಷ್ಟೇ.

"ತಪ್ಪು ನನ್ನ ಕೆಲಸದ್ದು. ಕಿರಣ ನನ್ನ ಮೈಯಲ್ಲಿ ಕೂತುಬಿಟ್ಟಿದೆ. ಇನ್ನು ನನ್ನ ಮುಟ್ಟಬೇಡ."

ಅದನ್ನೇ ಓದಿ, ಅದನ್ನೇ ಅಳೆಯುವ ಮನುಷ್ಯ ಹೇಳಿದ ಮೇಲೆ ಅವಳು ನಂಬದೆ ಏನು ಮಾಡಿಯಾಳು? ಮಂಚ ಎರಡಾಯಿತು, ತಟ್ಟೆ ಲೋಟ ಬೇರೆಯಾಯಿತು. ಅವಳು ದರ್ಜಿ. ಊರಿಗೆಲ್ಲ ಟೇಪು ಹಿಡಿದು ಅಳತೆ ತೆಗೆಯುವವಳು ಗಂಡನ ಅಂಗಿಯನ್ನು ಮಾತ್ರ ಹಳೆಯ ಅಂಗಿ ಹಾಸಿ, ಅದರ ಮೇಲೆ ಗುರುತು ಹಾಕಿ ಕತ್ತರಿಸುತ್ತಿದ್ದಳು. ವಯಸ್ಸಾಗಿ ಆತ ಸೊರಗಿದ್ದು ಅವಳಿಗೆ ತಿಳಿದದ್ದೇ ತಡವಾಗಿ. ಜನಜಂಗುಳಿಯಲ್ಲಿ ಅವರು ಕೊಡೆಯ ಹಿಡಿಯನ್ನು ಹಿಂದಕ್ಕೆ ಚಾಚುತ್ತಿದ್ದರು, ಅವಳು ಅದನ್ನು ಹಿಡಿದು ನಡೆಯುತ್ತಿದ್ದಳು. ನೋಡಿದವರು ನಗುತ್ತಿದ್ದರು. ಆ ಕೊಡೆಯ ಮೇಲೆ ಅವಳಿಗೆ ಎಷ್ಟು ಪ್ರೀತಿಯಿತ್ತೋ, ಹೊಟ್ಟೆಕಿಚ್ಚೂ ಅಷ್ಟೇ ಇತ್ತು.

*

ಕಾರ್ಖಾನೆಯ ಲ್ಯಾಬಿನಾಕೆ ಬಂದಾಗಲೂ ನಾಲ್ವರೂ ಹಾಗೇ ನಿಂತಿದ್ದರು. ಸತ್ತವರ ಕೈಕೆಳಗೆ ಕೆಲಸ ಕಲಿತು ತಲೆ ನರೆತ ಹೆಂಗಸು. ವಿಷಯ ಕೇಳಿದ್ದೇ ಆಕೆಯ ಮೂಗು ಕೆಂಪಾಯಿತು. ನೇರ ಹೋಗಿ ಸತ್ತವರ ಹಣೆಯ ಮೇಲೆ ಅಂಗೈ ಇಟ್ಟಳು.

"ನೋಡಿ, ನಂಗೇನಾಯ್ತು? ಕಬ್ಬಿಣದ ಉಪ್ಪನ್ನ ಆಸಿಡ್ ನೀರಲ್ಲಿ ಕರಗಿಸಿ, ಗಾಜಿನ ಸೀಸೇಲಿ ಹಾಕಿ, ಈರುಳ್ಳಿ ಮೂಟೆ ಜೊತೆ ಕಿರಣದ ಕೋಣೆಗೆ ಕಳಿಸ್ತೀವಿ. ಕಿರಣ ನೀರನ್ನ ಒಡೆಯುತ್ತೆ. ಆ ಒಡೆದ ಚೂರುಗಳು ಕಬ್ಬಿಣದಿಂದ ಒಂದೊಂದು ಎಲೆಕ್ಟ್ರಾನ್ ಕಿತ್ಕೊಳ್ಳುತ್ವೆ. ಎಷ್ಟು ಕಬ್ಬಿಣ ಹಾಗೆ ಬದಲಾಯ್ತು ಅಂತ ಯಂತ್ರದಲ್ಲಿ ನೋಡಿದ್ರೆ ಎಷ್ಟು ಕಿರಣ ಬಿತ್ತು ಅಂತ ಗೊತ್ತಾಗುತ್ತೆ. ಕಬ್ಬಿಣ ಬದಲಾಗುತ್ತೆ ನಿಜ, ಆದ್ರೆ ಕಿರಣ ಅಲ್ಲಿ ಉಳಿಯಲ್ಲ. ಹಾದು ಹೋಗುತ್ತೆ, ಅಷ್ಟೇ. ಸರ್ ಅಂತೂ ಕಿರಣ ಇರೋವಾಗ ಆ ಕೋಣೆಗೆ ಕಾಲಿಟ್ಟವರೇ ಅಲ್ಲ."

"ಆದ್ರೂ..." ಎಂದರು ಮೇಷ್ಟ್ರು.

"ನೀವು ಈರುಳ್ಳಿ ತಿಂತೀರಾ?"

"ತಿಂತೀವಿ."

"ಎಷ್ಟೋ ಅಂಗಡಿಗೆ ನಮ್ಮಲ್ಲಿಂದಾನೇ ಹೋಗೋದು. ಹಾಗಾದ್ರೆ ಮೊದಲು ನಿಮ್ಮನ್ನೇ ಯಾರೂ ಮುಟ್ಟಬಾರದು!"

ಯಾರೋ ಕಿಸಕ್ಕನೆ ನಕ್ಕು, ಕೆಮ್ಮಿ ಮುಚ್ಚಿಕೊಂಡರು. ಹೆಂಡತಿ ನಗಲಿಲ್ಲ.

"ಇದು ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತಾ ಅಂದ್ರೆ? ಹೊಸಬರಿಗೆ ಮೊದಲ ದಿನ ಅವರು ಹೇಳಿಕೊಡೋ ಪಾಠಾನೇ ಇದು..." ಲ್ಯಾಬಿನಾಕೆ ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಗಂಡನ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಂಡತಿ ಅವಳತ್ತ ತಿರುಗಿದಳು.

"ಅತ್ತಿಗೆ, ನಿಮಗೂ ಗೊತ್ತಿತ್ತು."

"ಡಾಕ್ಟ್ರು ಹಾಗಂದಿದ್ರು ಕಣೇ. ಇನ್ನೊಂದು ಬಸಿರು ನಿಂತ್ರೆ ನೀನು ಉಳಿಯಲ್ಲ ಅಂತ. ನಿನಗೆ ಹೇಳಿದ್ರೆ, ನನ್ನ ಮೈಯೇ ಸರಿ ಇಲ್ಲ ಅಂತ ನೀನು ಕೊರಗ್ತೀಯ ಅಂದ ನನ್ನ ತಮ್ಮ. ಎಲ್ಲಾ ತನ್ನ ತಲೆ ಮೇಲೆ ಹಾಕ್ಕೊಂಡ. ನಿನಗೆ ವಯಸ್ಸು ದಾಟಿದ ಮೇಲಾದ್ರೂ ಹೇಳೋ ಅಂದೆ. ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ ಅಕ್ಕಾ ಅಂತ ಅತ್ತ."

ಹೆಂಡತಿಯ ಎದೆಯಲ್ಲಿ ಎದ್ದದ್ದು ಕೋಪ, ಶುದ್ಧ ಕೋಪ.

"ಬಸಿರಾದ್ರೆ ಸಾಯ್ತಿದ್ದೆ, ಸರಿ. ಕೈ ಹಿಡಿದ್ರೆ ಸಾಯ್ತಿದ್ದೆನಾ ಅತ್ತಿಗೆ?"

ಮೇಷ್ಟ್ರು ತಪ್ಪು ಮಾಡಿದವರಂತೆ ಬಗ್ಗಿ, "ಎತ್ತೋಣ ಬನ್ನಿ" ಎಂದರು.

"ಇರಿ," ಎಂದಳು ಅವಳು.

ಹೋಗಿ ಹೆಣದ ಪಕ್ಕ ಕುಳಿತಳು. ಯಾರಿಗೆ ಎಂದಿಲ್ಲದೆ ಮಾತಾಡತೊಡಗಿದಳು.

"ನಿನ್ನೆ ಬಚ್ಚಲಲ್ಲಿ ಇವರ ಕಾಲು ಜಾರಿತು. ನಾನು ಎದುರಿಗೇ ಇದ್ದೆ. ಕೈ ಚಾಚಿದ್ರು. 'ಹಿಡ್ಕೋ' ಅಂದ್ರು, ಬಾಯಿ ಬಿಟ್ಟು ಅಂದ್ರು. ನಾನು ಹಿಂದಕ್ಕೆ ಸರಿದೆ. ಬೇಕು ಅಂತ ಅಲ್ಲ. ಇಷ್ಟು ವರ್ಷದ ರೂಢಿ, ಕಾಲು ತಾನಾಗೇ ಹಿಂದೆ ಹೋಯ್ತು. ತಲೆ ಕಲ್ಲಿಗೆ ಬಡೀತು."

ಅತ್ತಿಗೆ ಗೊಳೋ ಎಂದು ಅತ್ತಳು. ಹೆಂಡತಿ ಹೊದಿಕೆ ಸರಿಸಿ ಗಂಡನ ಬಲಗೈ ಹೊರಗೆ ತೆಗೆದಳು. ಬೆರಳುಗಳು ಅರ್ಧ ಮಡಿಚಿ ಸೆಟೆದುಕೊಂಡಿದ್ದವು. ತನ್ನ ಬೆರಳುಗಳನ್ನು ಅವುಗಳ ನಡುವೆ ತೂರಿಸಲು ನೋಡಿದಳು, ಆಗಲಿಲ್ಲ. ಕಿರುಬೆರಳನ್ನು ಹಿಡಿದು ಮೆಲ್ಲಗೆ ಬಿಡಿಸತೊಡಗಿದಳು.

ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ಸಡಿಲವಾಗದ ಕಿರುಬೆರಳನ್ನು ಬಿಟ್ಟು ಅವಳು ಮುಂದಿನ ಬೆರಳು ಹಿಡಿದಳು.