ನಳಿಗೆಯಲ್ಲಿ ಉಳಿದ ಗುಂಡು

ಮಿತ್ಸುಯೊ ಗುಂಡು ಗಟ್ಟಿಸುವ ಗಜದ ಕಡ್ಡಿಯನ್ನು ಮೆಲ್ಲಗೆ ಹಳೆಯ ಪಿಸ್ತೂಲಿನ ನಳಿಗೆಯೊಳಗೆ ಇಳಿಬಿಟ್ಟಳು. ನಳಿಗೆ ಖಾಲಿಯಿದ್ದರೆ ಗಜದ ಮೇಲಿನ ಕೆಂಪು ಗೀಟು ಬಾಯಿಯ ಅಂಚಿಗೆ ಬಂದು ನಿಲ್ಲಬೇಕು. ಅದು ಒಂದು ಗುಂಡಿನಷ್ಟು ಮೇಲೆಯೇ ತಡೆಯಿತು. ಮತ್ತೆ ಇಳಿಸಿ ನೋಡಿದಳು. ಅಷ್ಟೇ. ಸಿಡಿಮದ್ದೂ ಇದ್ದಿದ್ದರೆ ಗೀಟು ಇನ್ನೂ ಮೇಲಿರುತ್ತಿತ್ತು. ಒಳಗಿರುವುದು ಬರೀ ಗುಂಡು.

ಪಕ್ಕದ ಕೋಣೆಯಲ್ಲಿ ಗಂಡ ಕಿಹಾಚಿ ಬಿಳಿ ಉಡುಪಿನಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದ. ಸರೋವರದ ಮಂಜು ಕಿಟಕಿಯ ತನಕ ಬಂದಿತ್ತು. ಊದುಬತ್ತಿಯ ಹೊಗೆ ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಗುತ್ತದೆಂದು ತಿಳಿಯುವ ಹಾಗಿರಲಿಲ್ಲ.

"ಗಾಡಿ ಬಂತು ಕಣಮ್ಮ. ಈಗ ಅದನ್ನ ಹಿಡ್ಕೊಂಡು ಕೂತಿದ್ದೀಯಲ್ಲ!" ಎಂದ, ಗಂಡನ ಅಣ್ಣ ಗೆನ್ಸಾಕು.

"ಸಂಜೆ ಶಿರಾಯಿ ಬಂದೂಕು ಸಂಘಕ್ಕೆ ತಗೊಂಡು ಹೋಗ್ತಾರೆ ಭಾವ. ಕೊಡೋ ಮುಂಚೆ ನೋಡ್ಬೇಕಲ್ಲ."

ಸಂಘದಲ್ಲಿ ಗಂಡನ ಜೊತೆ ಗುರಿ ಹೊಡೆಯುತ್ತಿದ್ದ ಶಿರಾಯಿಯೂ ನಳಿಗೆ ನೋಡುತ್ತಾನೆ. ಗುರಿಯಾಟದ ಮೈದಾನದಲ್ಲಿ ಎಲ್ಲರಿಗೂ ಪಾಠ ಹೇಳಿದ ಕಿಹಾಚಿ ಮೇಷ್ಟ್ರು, ಕಡೆಯ ಭಾನುವಾರ ಮದ್ದು ಹಾಕುವುದನ್ನೇ ಮರೆತು ಗುಂಡು ಗಟ್ಟಿಸಿದ್ದರು, ನಾಚಿಕೆಯಿಂದ ಯಾರಿಗೂ ಹೇಳದೆ ಮನೆಗೆ ತಂದಿಟ್ಟಿದ್ದರು ಎಂಬುದು ಊರಿಗೆಲ್ಲ ತಿಳಿಯುತ್ತದೆ. ಅಂದು ಮನೆಗೆ ಬಂದವನು ಪಿಸ್ತೂಲನ್ನು ಒರೆಸದೆಯೇ ಕಪಾಟಿಗೆ ಸೇರಿಸಿದ್ದ.

*

ಜೀವಮಾನವಿಡೀ ಸೋಯಾಹಾಲಿನ ತೋಫು ಮಾಡಿ ನೀರಲ್ಲಿ ನೆನೆದ ಕೈ ಕಿಹಾಚಿಯದು. ಅಂಗಡಿ ಮುಚ್ಚಿದ ಮೇಲೆ ಆ ಕೈಗೆ ಬೆಂಕಿಯ ಕೆಲಸ ಬೇಕೆನಿಸಿತೋ ಏನೋ, ಅಜ್ಜನ ಕಾಲದ ಪಿಸ್ತೂಲನ್ನು ಒರೆಸಿ ಮೈದಾನಕ್ಕೆ ಹೊರಟ. ಕೆಲವು ವರ್ಷಗಳ ಮೇಲೆ ಅವಳನ್ನೂ ಕರೆದ.

"ಮೊದಲು ಮದ್ದು. ಆಮೇಲೆ ಗುಂಡು. ಬಾಯಿಬಿಟ್ಟು ಹೇಳ್ತಾ ಹಾಕು."

"ಅಕ್ಕಿ ತೊಳ್ಯೋಕೂ ಹೇಳ್ಕೊಡ್ತೀರಾ?"

ಮೊದಲ ದಿನವೇ ಅವಳು ಮದ್ದು ಮರೆತಳು. ಉರಿಯುವ ಬತ್ತಿಹಗ್ಗದ ಕಿಡಿ ಬಿತ್ತು, ನಳಿಗೆಯ ಪಕ್ಕದ ಕಿಡಿಮದ್ದಿನ ಬಟ್ಟಲಲ್ಲಿ 'ಫುಸ್' ಎಂದಿತು, ಗುಂಡು ಒಳಗೇ ಕೂತಿತು. ಸಾಲಿನಲ್ಲಿದ್ದ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿಹಾಚಿ ಮಾತ್ರ ನಗಲಿಲ್ಲ. ಮನೆಯ ತನಕ ನಾಲ್ಕು ಹೆಜ್ಜೆ ಮುಂದೆಯೇ ನಡೆದ.

"ನನ್ನ ಮಾನ ತೆಗೆದೆ," ಎಂದ, ಬಾಗಿಲಲ್ಲಿ.

ಅವಳು ಅದನ್ನು ನುಂಗಿಕೊಂಡು ಮುಂದಿನ ಭಾನುವಾರವೂ ಹೋದಳು.

*

ಚಿತಾಗಾರದಿಂದ ಮೂಳೆಗಳನ್ನು ತಂದಿಟ್ಟು, ಬಂದವರು ಊಟಕ್ಕೆ ಕೂತರು.

"ಮೇಷ್ಟ್ರು ತೋಫೂನೂ ಗುರಿ ನೋಡ್ಕೊಂಡೇ ಕೊಯ್ತಿದ್ರು. ಒಂದು ಎಳೆ ಆಚೀಚೆ ಇಲ್ಲ," ಎಂದ ಒಬ್ಬ.

"ನಮ್ಮನ್ನ ಎಷ್ಟು ಬೈದ್ರು! ಅವರು ಮಾತ್ರ ಒಂದಿನ ತಪ್ಪಿದ್ದು ನೋಡ್ಲಿಲ್ಲ," ಎಂದ ಇನ್ನೊಬ್ಬ.

ಗೆನ್ಸಾಕು ಕಣ್ಣೊರೆಸಿಕೊಂಡ. ಶಿರಾಯಿ ಅಕ್ಕಿಮದ್ಯದ ಬಟ್ಟಲನ್ನೇ ನೋಡುತ್ತ, "ಹೋದ ಭಾನುವಾರ ಪಕ್ಕದಲ್ಲೇ ನಿಂತಿದ್ದೆ. ಬೇಗ ಎದ್ದು ಹೋದ್ರು," ಎಂದ.

ಮಿತ್ಸುಯೊ ಪಿಸ್ತೂಲನ್ನು ತಂದು ಅವನ ಮುಂದಿಟ್ಟಳು.

"ಒಳಗೆ ಗುಂಡಿದೆ. ಮದ್ದಿಲ್ಲ."

ಎಲ್ಲರ ಕೈಯೂ ನಿಂತಿತು. ಗೆನ್ಸಾಕು, "ಯಾರು ಹಾಕಿದ್ದು?" ಎಂದ.

"ನಾನೇ ಭಾವ. ಹೋದ ಭಾನುವಾರ. ಹೇಳೋಕೆ ನಾಚಿಕೆ ಆಯ್ತು."

ಮಂಡಿನೋವೆಂದು ಆ ಭಾನುವಾರ ಅವಳು ಮೈದಾನಕ್ಕೆ ಕಾಲೇ ಇಟ್ಟಿರಲಿಲ್ಲ. ಊಟಕ್ಕೆ ಕೂತವರಲ್ಲಿ ಅಂದು ಅಲ್ಲಿದ್ದವನು ಶಿರಾಯಿ ಒಬ್ಬನೇ; ಅವನಿಗೆ ಅದು ಚೆನ್ನಾಗಿ ಗೊತ್ತು. ಅವನು ಅವಳ ಮುಖವನ್ನೊಮ್ಮೆ ನೋಡಿದ. ಆಮೇಲೆ ತೊಡೆ ತಟ್ಟಿಕೊಂಡು ಗಟ್ಟಿಯಾಗಿ ಕೂಗಿದ:

"ಕೇಳಿದ್ರೇನ್ರೋ! ನಮ್ಮಕ್ಕ ಮತ್ತೆ ಮದ್ದು ಮರೆತ್ರಂತೆ! ಏಳಿ, ಬೆಳಕಿರುವಾಗ್ಲೇ ತೆಗೆದುಬಿಡೋಣ."

*

ಮೈದಾನದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಕಪ್ಪು ಬಟ್ಟೆಯವರೆಲ್ಲ ಸರೋವರಕ್ಕೆ ಬೆನ್ನು ಹಾಕಿ ಸಾಲಾಗಿ ನಿಂತರು. ಶಿರಾಯಿ ನಳಿಗೆಯ ಪಕ್ಕದ ಸಣ್ಣ ತೂತಿನಿಂದ ಒಂದೆರಡು ಚಿಟಿಕೆ ಮದ್ದನ್ನು ಒಳಗೆ ಉದುರಿಸಿ, ಹಗ್ಗದ ತುದಿಯನ್ನು ಊದಿ ಕೆಂಪಾಗಿಸಿ, ಪಿಸ್ತೂಲನ್ನು ಅವಳ ಕೈಗಿತ್ತ.

"ಗುರಿ ಮುಟ್ಟಲ್ಲ ಅಕ್ಕಾ. ಸುಮ್ನೆ ಬಿಡಿ."

ಅವಳು ಶೋಕದ ಕಿಮೊನೋದ ತೋಳನ್ನು ಹಿಂದಕ್ಕೆ ಸರಿಸಿ, ಕೈ ನೀಡಿ, ಉಸಿರು ಹಿಡಿದು ಪಿಸ್ತೂಲಿನ ಕುದುರೆಗೆ ಬೆರಳಿಟ್ಟು ಎಳೆದಳು. ಮುದುಕ ಕೆಮ್ಮಿದಂಥ ಸದ್ದಾಯಿತು. ಗುಂಡು ನಳಿಗೆಯಿಂದ ಜಾರಿ, ತುಸು ದೂರ ತೇಲಿದಂತೆ ಹೋಗಿ, ಹುಲ್ಲಿನ ಮೇಲೆ ಬಿದ್ದು ಉರುಳಿತು.

"ಗುರಿಗೆ ಇನ್ನೊಂದು ವರ್ಷದಲ್ಲಿ ತಲುಪುತ್ತೆ ಬಿಡಿ!" ಎಂದರು ಯಾರೋ. ಸಾಲಿನ ತುಂಬ ನಗು ಹೊರಳಿತು. ಗೆನ್ಸಾಕುವೂ ನಕ್ಕ.

ಮಿತ್ಸುಯೊ ಅವರ ಕಡೆ ತಿರುಗಿ, ಆಟ ಸೋತ ಹೊಸಬಳ ಹಾಗೆ, ಸೊಂಟ ಬಗ್ಗಿಸಿ ಆಳವಾಗಿ ನಮಸ್ಕರಿಸಿದಳು. ಹೊಗೆ ಅವಳ ಬೆನ್ನ ಮೇಲಿಂದ ನಿಧಾನವಾಗಿ ದಾಟಿ ಸರೋವರದ ಮಂಜಿನೊಳಕ್ಕೆ ಹೋಗುತ್ತಿತ್ತು.