ಕಡೆಯ ತುಣುಕು

ಗೋದಾಮಿನ ಮೇಸ್ತ್ರಿ ತಮ್ಮನನ್ನು ಬಡಿಯುವುದನ್ನು ಅಕ್ಕ ಆಫೀಸಿನ ಕಿಟಕಿಯಿಂದ ಕಣ್ಣಾರೆ ನೋಡಿದ್ದಳು. ಒಂದು ಪೆಟ್ಟಿಗೆ ಕೈಜಾರಿ ಒಡೆದದ್ದಕ್ಕೆ! ಮೊದಲು ಕಪಾಳಕ್ಕೆ, ಆಮೇಲೆ ಬೆಲ್ಟಿನಿಂದ ಬೆನ್ನಿಗೆ, ಕೆಳಗೆ ಬಿದ್ದ ಮೇಲೆ ಬೂಟಿನಿಂದ ಪಕ್ಕೆಗೆ. ನಾಯಿಗೂ ಯಾರೂ ಹಾಗೆ ಬಡಿಯುವುದಿಲ್ಲ. ಅವಳು ಮೆಟ್ಟಿಲಿಳಿದು ಓಡಿ ಬರುವಷ್ಟರಲ್ಲಿ ತಮ್ಮ ಕೈಗೆ ಸಿಕ್ಕ ಕಬ್ಬಿಣದ ಸರಳನ್ನು ಒಂದೇ ಒಂದು ಸಲ ಬೀಸಿದ್ದ. ಮೇಸ್ತ್ರಿಯ ಹಣೆ ಒಡೆಯಿತು. ಲಾಕಪ್ಪಿಗೆ ಹೋದವನು ಮಾತ್ರ ತಮ್ಮ.

ಮರುದಿನ ಆಫೀಸಿಗೆ ಬಂದ ಇನ್‌ಸ್ಪೆಕ್ಟರ್ ಅವಳ ಮಾತು ಕೇಳಿ ನಕ್ಕರು.

"ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅನ್ನೋ ಹಾಗಾಯ್ತಮ್ಮ. ಬೇರೆ ಏನಾದ್ರೂ ಇದ್ಯಾ?"

"ಕ್ಯಾಮೆರಾ ಇದೆ ಸಾರ್. ಮೊದಲಿಂದ ಎಲ್ಲಾ ಅದ್ರಲ್ಲಿದೆ."

ಹಣೆಗೆ ಬ್ಯಾಂಡೇಜು ಸುತ್ತಿಕೊಂಡು ನಿಂತಿದ್ದ ಮೇಸ್ತ್ರಿಯ ಮುಖ ಇಂಗು ತಿಂದ ಮಂಗನಂತಾಯಿತು. ಅವಳಿಗೆ ಹೊಟ್ಟೆ ತಣ್ಣಗಾಯಿತು.

ಆಫೀಸಿನ ಕಂಪ್ಯೂಟರಿಗೆ ಅವಳದೇ ಉಸ್ತುವಾರಿ. ಕ್ಯಾಮೆರಾ ಚಿಕ್ಕ ಚಿಕ್ಕ ತುಣುಕುಗಳಾಗಿ ರೆಕಾರ್ಡ್ ಮಾಡುತ್ತದೆ. ಅವಳು ಬರೆದ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಅವನ್ನೆಲ್ಲ ಕಂಪ್ಯೂಟರಿನ ಫೋಲ್ಡರಿಗೆ ನಕಲು ಮಾಡಿ, ಕ್ಯಾಮೆರಾದಲ್ಲಿರುವುದನ್ನು ಅಳಿಸಿಬಿಡುತ್ತದೆ. ಹಳೆಯ ವಿಂಡೋಸ್ ಕಂಪ್ಯೂಟರ್ ಕೆಟ್ಟು, ಆ ವಾರವಷ್ಟೇ ವಿಂಡೋಸಿನ ಬದಲು ಲಿನಕ್ಸ್ ಹಾಕಿದ ಹೊಸದು ಬಂದಿತ್ತು. ಅಲ್ಲಿ ನಡೆದದ್ದು ಇಲ್ಲಿ ನಡೆಯದೇ ಏನು ಎಂದು ಸ್ಕ್ರಿಪ್ಟನ್ನು ಹಾಗೆಯೇ ತಂದು ಕೂರಿಸಿದ್ದಳು. ಗಲಾಟೆಯಾದೊಡನೆ ಮಾಲೀಕರು ಗೋದಾಮಿನ ಕರೆಂಟ್ ಆರಿಸಿ ಬೀಗ ಜಡಿಸಿದ್ದರು; ಕ್ಯಾಮೆರಾ ಅಲ್ಲಿಗೇ ನಿಂತಿತ್ತು. ಸಾಕ್ಷಿ ಜೋಪಾನವಾಗಿರಲಿ ಎಂದು ಅವಳು ಬೀಗ ಬೀಳುವ ಮೊದಲೇ ಕ್ಯಾಮೆರಾದ ಮೆಮೊರಿ ಕಾರ್ಡ್ ತೆಗೆದು ತಂದು, ಆಗಲೇ ಆಫೀಸಿನಲ್ಲಿ ಸ್ಕ್ರಿಪ್ಟ್ ಓಡಿಸಿ ಮನೆಗೆ ಹೋಗಿದ್ದಳು.

ಈಗ ಫೋಲ್ಡರ್ ತೆರೆದರೆ ಖಾಲಿ. ಹೊರಗೆ ಉದ್ದ ಹೆಸರಿನ ಒಂದೇ ಒಂದು ಫೈಲ್ ಬಿದ್ದಿತ್ತು. ಅವಳು ಸ್ಕ್ರಿಪ್ಟಿನಲ್ಲಿ ಬರೆದಿದ್ದ ಫೋಲ್ಡರಿನ ದಾರಿಯೇ, ಹಿಂದಕ್ಕೆ ವಾಲಿದ ಗೆರೆಗಳ ಸಮೇತ, ಅದರ ಹೆಸರಾಗಿತ್ತು. ವಿಂಡೋಸಿನಲ್ಲಿ ಆ ಗೆರೆ, ಬ್ಯಾಕ್‌ಸ್ಲ್ಯಾಶ್, ಎಂದರೆ ಫೋಲ್ಡರಿನ ಒಳಗೆ ಹೋಗುವ ಬಾಗಿಲು. ಲಿನಕ್ಸಿಗೆ ಅದು ಬಾಗಿಲಲ್ಲ, ಹೆಸರಿನೊಳಗಿನ ಒಂದು ಚಿಹ್ನೆ, ಅಷ್ಟೇ. ಇಡೀ ದಾರಿಯನ್ನೇ ಒಂದು ಫೈಲಿನ ಹೆಸರೆಂದು ತಿಳಿದು, ಅದು ಪ್ರತಿ ತುಣುಕನ್ನೂ ಹಿಂದಿನದರ ಮೇಲೆಯೇ ಬರೆದಿತ್ತು. ಕಪಾಳದ ಏಟು, ಬೆಲ್ಟು, ಬೂಟು ಎಲ್ಲ ಒಂದರ ಹಿಂದೊಂದು ಅಳಿಸಿಹೋಗಿದ್ದವು. ಉಳಿದದ್ದು ಕಡೆಯ ತುಣುಕು ಮಾತ್ರ.

"ಹಾಕಮ್ಮ, ಯಾಕೆ ಸುಮ್ನೆ ಕೂತೆ?" ಎಂದ ಇನ್‌ಸ್ಪೆಕ್ಟರ್ ತಾವೇ ಬಗ್ಗಿ ಮೌಸ್ ಒತ್ತಿದರು.

ತಮ್ಮ ಹಲ್ಲು ಕಚ್ಚಿ ಸರಳು ಬೀಸಿದ. ಮೇಸ್ತ್ರಿ ಹಣೆ ಹಿಡಿದುಕೊಂಡು ಕುಸಿದ. ಬೆರಳ ಸಂದಿಯಿಂದ ರಕ್ತ ಸುರಿಯಿತು.

"ನೋಡಿದ್ರಾ ಸಾರ್? ನಾನು ನನ್ನ ಪಾಡಿಗೆ ನಿಂತಿದ್ದೆ. ಆಮೇಲೆ ಅಲ್ಲಿದ್ದೋರು ಅವನನ್ನ ಹಿಡ್ಕೊಂಡು ನಾಲ್ಕು ಬಿಟ್ರು, ಅವನಿಗೆ ಗಾಯ ಆಗಿದ್ದು ಅದ್ರಿಂದ, ಅಷ್ಟೇ."

"ಸುಳ್ಳ! ನಿನ್ನ ನಾಲಿಗೆಗೆ ಹುಳ ಬೀಳ!" ಅವಳು ಹಾರಿ ಅವನ ಕೊರಳಪಟ್ಟಿ ಹಿಡಿದಳು, ಬ್ಯಾಂಡೇಜಿನ ಮೇಲೆಯೇ ಗುದ್ದಿದಳು. ಬಿಳಿ ಬಟ್ಟೆ ಕೆಂಪಾಯಿತು. ಇನ್‌ಸ್ಪೆಕ್ಟರ್ ಅವಳ ಜಡೆ ಹಿಡಿದೆಳೆದು ಗೋಡೆಗೆ ನೂಕಿದರು.

"ಅಕ್ಕ ತಮ್ಮ ಇಬ್ರೂ ಒಂದೇ ತಳಿ," ಎಂದವರೇ ಮತ್ತೊಮ್ಮೆ ಮೌಸ್ ಒತ್ತಿದರು.

ತಮ್ಮ ಮತ್ತೆ ಸರಳು ಬೀಸಿದ. ಅವನ ಮೈಮೇಲೆ ಯಾರಾದರೂ ಕೈಮಾಡಿದ್ದರೆಂಬ ಗುರುತು ಆ ಕಂಪ್ಯೂಟರಿನಲ್ಲಿ ಎಲ್ಲೂ ಇರಲಿಲ್ಲ.